‘300’ ಬರೀ ಸಿನಿಮಾನಾ, ಪ್ರೊಪಗಾಂಡಾನಾ?

“ಸಿನಿಮಾನ ಸಿನಿಮಾ ಥರ ನೋಡು ಗುರು, ಜಾಸ್ತಿ ತಲೆ ಕೆಡಿಸ್ಕೋಬೇಡ.” ಐತಿಹಾಸಿಕ ಆಕ್ಷನ್ ಸಿನಿಮಾ ಬಗ್ಗೆ ಯಾರಾದರೂ ಒಂದು ಪ್ರಶ್ನೆ ಎತ್ತಿದರೆ ಸಾಕು, ಬರೋ ಮೊದಲನೇ ಉತ್ತರ ಇದು. ಎರಡನೇ ಉತ್ತರ ಇದಕ್ಕೆ ಪೂರ್ತಿ ಉಲ್ಟಾ: “ಅದೆಲ್ಲ ಪಕ್ಕಾ ಅಜೆಂಡಾ, ಯಾರೋ ದುಡ್ಡು ಕೊಟ್ಟು ಮಾಡ್ಸಿರ್ತಾರೆ.” ನನ್ನ ಪ್ರಕಾರ ಎರಡೂ ಸೋಮಾರಿ ಉತ್ತರಗಳೇ. ಮೊದಲನೆಯದು ಸಿನಿಮಾಗೆ ಯಾವ ಶಕ್ತಿಯೂ ಇಲ್ಲ ಅನ್ನುತ್ತೆ. ಎರಡನೆಯದು ನೋಡೋರಿಗೆ ಬುದ್ಧಿಯೇ ಇಲ್ಲ ಅನ್ನುತ್ತೆ.

ನಾನು ಹೇಳೋಕೆ ಹೊರಟಿರೋದು ಇಷ್ಟು. ಹಳೇ ಯುದ್ಧದ ಬಗ್ಗೆ ತೆಗೆದ ಸಿನಿಮಾ ಇವತ್ತಿನ ಒಂದು ದೇಶದ ವಿರುದ್ಧ ಪ್ರೊಪಗಾಂಡಾ ಆಗೋದಕ್ಕೆ ಯಾವ ಸರ್ಕಾರವೂ ಆರ್ಡರ್ ಕೊಡಬೇಕಾಗಿಲ್ಲ. ಡೈರೆಕ್ಟರಿಗೆ ಆ ಉದ್ದೇಶ ಇರಲೇಬೇಕು ಅಂತಲೂ ಇಲ್ಲ. ಶತ್ರುಗಳ ಮುಖ ಅಳಿಸಿಹಾಕಿ, ಸರಿಯಾದ ಟೈಮಲ್ಲಿ ರಿಲೀಸ್ ಆದರೆ ಸಾಕು. ಇದನ್ನ ವಾದ ಮಾಡೋಕೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರೋ ಸಿನಿಮಾವನ್ನೇ ತಗೊಳ್ತೀನಿ: ‘300’.

ಬಾವಿಗೆ ಬಿದ್ದ ದೂತ

ಝ್ಯಾಕ್ ಸ್ನೈಡರ್ ನಿರ್ದೇಶಿಸಿದ ‘300’ ಅಮೆರಿಕದಲ್ಲಿ ರಿಲೀಸ್ ಆಗಿದ್ದು 2007ರ ಮಾರ್ಚ್‌ನಲ್ಲಿ. ಫ್ರಾಂಕ್ ಮಿಲ್ಲರ್ 1998ರಲ್ಲಿ ತಂದ ಕಾಮಿಕ್ಸ್ ಇದಕ್ಕೆ ಆಧಾರ. ಕಥೆ ಕ್ರಿ.ಪೂ. 480ರದ್ದು. ಪರ್ಷಿಯಾದ ಚಕ್ರವರ್ತಿ ಝರ್ಕ್ಸಿಸ್ ದೊಡ್ಡ ಸೈನ್ಯ ಕಟ್ಟಿಕೊಂಡು ಗ್ರೀಸ್ ಮೇಲೆ ಬರ್ತಾನೆ. ಬೆಟ್ಟ ಮತ್ತು ಸಮುದ್ರದ ನಡುವೆ ಇರೋ ಥರ್ಮೊಪಿಲೆ ಅನ್ನೋ ಇಕ್ಕಟ್ಟು ದಾರಿಯಲ್ಲಿ ಸ್ಪಾರ್ಟಾದ ರಾಜ ಲಿಯೊನೈಡಸ್ 300 ಜನರನ್ನ ಕಟ್ಟಿಕೊಂಡು ಅಡ್ಡ ನಿಲ್ತಾನೆ. ಕೊನೆಗೆ ಎಲ್ಲರೂ ಸಾಯ್ತಾರೆ.

ಸಿನಿಮಾ ನೋಡದವರೂ ಅದರ ಒಂದು ಸೀನ್ ನೋಡೇ ಇರ್ತಾರೆ. ಪರ್ಷಿಯಾದಿಂದ ಬಂದ ದೂತ “ನಮಗೆ ಶರಣಾಗಿ, ಮಣ್ಣು ನೀರು ಕೊಡಿ” ಅಂತಾನೆ. ಲಿಯೊನೈಡಸ್ ಸ್ಪಾರ್ಟಾದ ಹೆಸರು ಕೂಗಿ ಅವನ ಎದೆಗೆ ಒದ್ದು ಬಾವಿಗೆ ಬೀಳಿಸ್ತಾನೆ. ಮೀಮ್, ಜಿಮ್ ಟೀ ಶರ್ಟ್, ಫೆಸ್ಟ್‌ಗಳಲ್ಲಿ ಟೀಮ್ ಹೆಸರು, ಎಲ್ಲದಕ್ಕೂ ಈ ಒಂದು ಸೀನ್ ಸಾಕಾಗಿದೆ.

ಈ ಕಥೆ ನಮಗೆ ಸಿಗೋದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದ ಪುಸ್ತಕದಿಂದ. ದೂತರನ್ನ ಬಾವಿಗೆ ಹಾಕಿದ್ದು ನಿಜ ಅಂತ ಅವನೂ ಹೇಳ್ತಾನೆ. ಆದರೆ ಅದು ಝರ್ಕ್ಸಿಸ್ ಕಾಲದಲ್ಲಿ ಅಲ್ಲ, ಅವನಪ್ಪ ಡೇರಿಯಸ್ ದೂತರನ್ನ ಕಳಿಸಿದಾಗ. ಆಮೇಲೆ ನಡೆದದ್ದು ಸಿನಿಮಾದಲ್ಲಿ ಇಲ್ಲ. ದೂತರನ್ನ ಕೊಂದದ್ದು ಪಾಪ, ಅದಕ್ಕೇ ನಮ್ಮ ಬಲಿಗಳಿಗೆ ಒಳ್ಳೇ ಶಕುನ ಸಿಗ್ತಿಲ್ಲ ಅಂತ ಸ್ಪಾರ್ಟಾದವರಿಗೆ ಅನ್ನಿಸ್ತು. ಹಾಗಾಗಿ ಇಬ್ಬರು ಸ್ಪಾರ್ಟನ್ನರು, ಸ್ಪರ್ಥಿಯಸ್ ಮತ್ತು ಬೂಲಿಸ್, ಪ್ರಾಯಶ್ಚಿತ್ತವಾಗಿ ತಮ್ಮ ಪ್ರಾಣ ಕೊಡ್ತೀವಿ ಅಂತ ತಾವಾಗೇ ಮುಂದೆ ಬಂದು ಪರ್ಷಿಯಾದ ರಾಜಧಾನಿ ಸೂಸಾಗೆ ಹೋದರು. ಅಷ್ಟೊತ್ತಿಗೆ ಝರ್ಕ್ಸಿಸ್ ಪಟ್ಟಕ್ಕೆ ಬಂದಿದ್ದ. ಅವನು ಅವರನ್ನ ಕೊಲ್ಲಲಿಲ್ಲ. ದೂತರನ್ನ ಕೊಂದು ಸ್ಪಾರ್ಟಾ ಇಡೀ ಮನುಷ್ಯಕುಲದ ಕಾನೂನನ್ನ ಮುರಿದಿದೆ, ಅವರು ಮಾಡಿದ ತಪ್ಪನ್ನ ನಾನು ಮಾಡೋಲ್ಲ ಅನ್ನೋ ಅರ್ಥದ ಮಾತು ಹೇಳಿ ವಾಪಸ್ ಕಳಿಸಿಬಿಟ್ಟ.

ಇದನ್ನ ಬರೆದಿಟ್ಟವನು ಯಾವುದೋ ಪರ್ಷಿಯನ್ ಆಸ್ಥಾನಕವಿ ಅಲ್ಲ, ಒಬ್ಬ ಗ್ರೀಕ. ಯುದ್ಧ ಮುಗಿದ ಕೆಲವೇ ದಶಕಗಳಲ್ಲಿ ಬರೆದ. ತನ್ನ ಪುಸ್ತಕದ ಶುರುವಲ್ಲೇ, ಗ್ರೀಕರು ಮತ್ತು ಗ್ರೀಕರಲ್ಲದವರು ಇಬ್ಬರೂ ಮಾಡಿದ ದೊಡ್ಡ ಕೆಲಸಗಳು ಮರೆತುಹೋಗಬಾರದು ಅಂತ ಬರೀತಿದೀನಿ ಅಂತಾನೆ. ಸಿನಿಮಾ ಅದೇ ಬಾವಿಯನ್ನ ತಗೊಂಡು, ಬಾವಿಯ ಆಚೆಗಿನ ಅರ್ಧ ಕಥೆಯನ್ನ ಬಿಟ್ಟಿದೆ.

ಯಾರಿಗೆ ಮುಖ ಇದೆ, ಯಾರಿಗೆ ಇಲ್ಲ

ಸಿನಿಮಾ ಅಂದಮೇಲೆ ಬಿಡೋದು, ಸೇರಿಸೋದು ಇದ್ದದ್ದೇ. ಎರಡು ಗಂಟೆಯಲ್ಲಿ ಎಲ್ಲವನ್ನೂ ಹೇಳೋಕಾಗಲ್ಲ. ಅದಕ್ಕೇ “ಇತಿಹಾಸ ತಿರುಚಿದ್ದಾರೆ” ಅನ್ನೋ ದೂರು ನನಗೆ ಅಷ್ಟು ಮುಖ್ಯ ಅನ್ನಿಸಲ್ಲ. ಥರ್ಮೊಪಿಲೆಯಲ್ಲಿ ಆನೆ, ಘೇಂಡಾಮೃಗ ಇರಲಿಲ್ಲ. ಇರಲಿ ಬಿಡಿ, ಕಣ್ಣಿಗೆ ಹಬ್ಬ. ನೋಡಬೇಕಾದ್ದು ತಿರುಚಿದ್ದು ಯಾವ ಕಡೆಗೆ ಅಂತ.

ಸ್ಪಾರ್ಟಾ ಕಡೆಯವರಿಗೆ ಹೆಸರಿದೆ, ಹೆಂಡತಿ ಇದ್ದಾಳೆ, ಮಗ ಇದ್ದಾನೆ, ತಮಾಷೆ ಇದೆ, ಮಗ ಸತ್ತಾಗ ಅಳೋ ಅಪ್ಪ ಇದ್ದಾನೆ. ಪರ್ಷಿಯಾ ಕಡೆ? ಝರ್ಕ್ಸಿಸ್ ಬಿಟ್ಟರೆ ನೆನಪಿನಲ್ಲಿ ಉಳಿಯೋ ಒಂದು ಹೆಸರೂ ಇಲ್ಲ. ಅವನೂ ಮನುಷ್ಯನ ಅಳತೆಗೆ ಮೀರಿದ ಎತ್ತರ, ಮೈತುಂಬಾ ಚಿನ್ನದ ಸರಪಳಿ, ಬೋಳು ತಲೆ. ಇರಾನಿನ ಪರ್ಸೆಪೊಲಿಸ್‌ನಲ್ಲಿ ಕಲ್ಲಿನಲ್ಲಿ ಕೆತ್ತಿರೋ ಆ ವಂಶದ ರಾಜರಿಗೆ ಉದ್ದ ಗಡ್ಡ, ನೆರಿಗೆ ಬಿದ್ದ ನಿಲುವಂಗಿ ಇದೆ. ‘ಇಮ್ಮಾರ್ಟಲ್ಸ್’ ಅನ್ನೋ ಅವನ ಖಾಸಾ ಪಡೆಯವರು ಸಿನಿಮಾದಲ್ಲಿ ಬೆಳ್ಳಿ ಮುಖವಾಡ ಹಾಕಿರ್ತಾರೆ. ಮುಖವಾಡ ಕಿತ್ತರೆ ಒಳಗೆ ಇರೋದು ಮನುಷ್ಯನ ಮುಖವೂ ಅಲ್ಲ, ರಾಕ್ಷಸನ ಮುಖ. ಅಂಥವರನ್ನ ಕತ್ತರಿಸಿ ಹೆಣಗಳ ಗೋಡೆ ಕಟ್ಟಿದರೆ ನೋಡೋರಿಗೆ ಏನೂ ಅನ್ನಿಸೋದಿಲ್ಲ. ಅನ್ನಿಸಬಾರದು ಅಂತಲೇ ಹಾಗೆ ತೋರಿಸಿರೋದು.

ಇನ್ನು ಸ್ಪಾರ್ಟಾ ಬಗ್ಗೆ ಬಿಟ್ಟಿರೋದನ್ನ ನೋಡಿ. ಸಿನಿಮಾ ಪೂರ್ತಿ ಸ್ವಾತಂತ್ರ್ಯ, ಸ್ವಾತಂತ್ರ್ಯ ಅಂತ ಡೈಲಾಗ್ ಇದೆ. ಆದರೆ ಸ್ಪಾರ್ಟಾದ ಹೊಲ ಉಳ್ತಾ ಇದ್ದವರು ಹೆಲಟ್ ಅನ್ನೋ ಜನ, ಭೂಮಿಗೆ ಕಟ್ಟಿಹಾಕಿದ ಜೀತದಾಳುಗಳು. ಸ್ಪಾರ್ಟಾದ ಅಧಿಕಾರಿಗಳು ಪ್ರತಿವರ್ಷ ಈ ಹೆಲಟ್‌ಗಳ ಮೇಲೆ ಶಾಸ್ತ್ರಕ್ಕೆ ಯುದ್ಧ ಸಾರ್ತಿದ್ದರು, ಅವರನ್ನ ಕೊಂದರೆ ಪಾಪ ತಟ್ಟಬಾರದು ಅಂತ. ಇದನ್ನ ಪ್ಲುಟಾರ್ಕ್ ಬರೆದಿದ್ದಾನೆ. ಸ್ಪಾರ್ಟಾದ ಗಂಡಸರು ಜೀವನಪೂರ್ತಿ ಯುದ್ಧದ ಟ್ರೈನಿಂಗ್ ಮಾಡ್ಕೊಂಡು ಇರೋಕೆ ಆಗಿದ್ದೇ ಇನ್ನೊಬ್ಬರು ದುಡಿದು ಹಾಕ್ತಿದ್ದರಿಂದ. ಕೊನೆಯ ದಿನ ಥರ್ಮೊಪಿಲೆಯಲ್ಲಿ ಲಿಯೊನೈಡಸ್ ಜೊತೆ ಉಳಿದವರಲ್ಲಿ ಥೆಸ್ಪಿಯ ಅನ್ನೋ ಊರಿನ 700 ಜನರೂ ಇದ್ದರು. ಸಂಖ್ಯೆಯಲ್ಲಿ ಅವರೇ ಜಾಸ್ತಿ, ಅವರೂ ಅಲ್ಲೇ ಸತ್ತರು. ಆದರೆ ಟೈಟಲ್ ಸಿಕ್ಕಿದ್ದು 300ಕ್ಕೆ.

ಸಿನಿಮಾದ ಪರವಾಗಿ ಒಂದು ಒಳ್ಳೇ ವಾದ ಇದೆ, ಅದನ್ನ ಮುಚ್ಚಿಡಬಾರದು. ಕಥೆ ಹೇಳ್ತಿರೋದು ಡಿಲಿಯೊಸ್ ಅನ್ನೋ ಸ್ಪಾರ್ಟನ್ ಸೈನಿಕ. ಮುಂದಿನ ವರ್ಷ ಪ್ಲಟೀಯದಲ್ಲಿ ದೊಡ್ಡ ಯುದ್ಧಕ್ಕೆ ಮೊದಲು ತನ್ನ ಜೊತೆಗಾರರನ್ನ ಹುರಿದುಂಬಿಸೋಕೆ ಅವನು ಇದನ್ನ ಹೇಳ್ತಿದ್ದಾನೆ. ಅಂದರೆ ರಾಕ್ಷಸರು, ದೈತ್ಯ ರಾಜ ಎಲ್ಲಾ ಅವನ ಉತ್ಪ್ರೇಕ್ಷೆ. ನಾವು ನೋಡ್ತಿರೋದು ಇತಿಹಾಸ ಅಲ್ಲ, ಯುದ್ಧಕ್ಕೆ ಹೊರಟ ಒಬ್ಬ ಸೈನಿಕನ ಭಾಷಣ. ಸರಿ, ಒಪ್ಪೋಣ. ಹಾಗಾದರೆ ಇಡೀ ಸಿನಿಮಾ ಒಂದು ಪ್ರೊಪಗಾಂಡಾ ಭಾಷಣ ಅಂತ ಅವರೇ ಒಪ್ಪಿಕೊಂಡ ಹಾಗಾಯ್ತಲ್ಲ! ಆ ಭಾಷಣವನ್ನ ಒಂದು ಕ್ಷಣ ಆದರೂ ಅನುಮಾನದಿಂದ ನೋಡೋ ಒಂದು ಶಾಟ್ ಇದ್ದಿದ್ದರೆ ಈ ವಾದಕ್ಕೆ ತೂಕ ಇರ್ತಿತ್ತು. ಕೊನೆಗೆ ಕ್ಯಾಮೆರಾ ಕೂಡ ಡಿಲಿಯೊಸ್ ಜೊತೆಗೇ ಈಟಿ ಹಿಡ್ಕೊಂಡು ಓಡುತ್ತೆ.

ಆರ್ಡರ್ ಕೊಟ್ಟು ಮಾಡಿಸಿದ ಸಿನಿಮಾ ಹೇಗಿರುತ್ತೆ

‘300’ನ್ನ ಇನ್ನೊಂದು ಸಿನಿಮಾ ಪಕ್ಕ ಇಟ್ಟು ನೋಡೋಣ. ಸೆರ್ಗೈ ಐಸೆನ್‌ಸ್ಟೈನ್ ಸೋವಿಯತ್ ಒಕ್ಕೂಟದಲ್ಲಿ 1938ರಲ್ಲಿ ತೆಗೆದ ‘ಅಲೆಕ್ಸಾಂಡರ್ ನೆವ್‌ಸ್ಕಿ’. 1242ರಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ರಷ್ಯನ್ನರು ಜರ್ಮನ್ ಟ್ಯೂಟಾನಿಕ್ ಯೋಧರನ್ನ ಸೋಲಿಸಿದ ಕಥೆ. ಆಗ ಹಿಟ್ಲರ್ ಜರ್ಮನಿಯ ಭಯ ಮುಂದೆ ಇತ್ತು. ಹಾಗಾಗಿ ಈ 700 ವರ್ಷ ಹಳೇ ಕಥೆ ಯಾರ ಬಗ್ಗೆ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅದರಲ್ಲೂ ಇದೇ ಟೆಕ್ನಿಕ್ ಇದೆ. ರಷ್ಯನ್ನರ ಮುಖ ಕಾಣುತ್ತೆ. ಜರ್ಮನ್ ಯೋಧರ ಮುಖದ ಮೇಲೆ ಕಬ್ಬಿಣದ ಶಿರಸ್ತ್ರಾಣ, ಕಣ್ಣಿಗೆ ಬರೀ ಒಂದು ಸೀಳು. ಊರು ಗೆದ್ದಮೇಲೆ ಅವರು ಮಕ್ಕಳನ್ನ ಬೆಂಕಿಗೆ ಎಸೀತಾರೆ. 1939ರ ಆಗಸ್ಟಲ್ಲಿ ಸ್ಟಾಲಿನ್ ಮತ್ತು ಹಿಟ್ಲರ್ ನಡುವೆ ಯುದ್ಧ ಬೇಡ ಅನ್ನೋ ಒಪ್ಪಂದ ಆಯ್ತು. ತಕ್ಷಣ ಸಿನಿಮಾವನ್ನ ಥಿಯೇಟರ್‌ಗಳಿಂದ ತೆಗೆದುಬಿಟ್ಟರು. 1941ರ ಜೂನಲ್ಲಿ ಜರ್ಮನಿ ಒಪ್ಪಂದ ಮುರಿದು ದಾಳಿ ಮಾಡ್ತು. ಸಿನಿಮಾ ವಾಪಸ್ ಥಿಯೇಟರಿಗೆ ಬಂತು. ಮರುವರ್ಷ ಸೈನಿಕರಿಗೆ ಅಲೆಕ್ಸಾಂಡರ್ ನೆವ್‌ಸ್ಕಿ ಹೆಸರಲ್ಲೇ ಒಂದು ಪದಕ ಶುರು ಮಾಡಿದರು. 13ನೇ ಶತಮಾನದ ರಾಜನ ನಿಜವಾದ ಚಿತ್ರ ಇರಲಿಲ್ಲ, ಅದಕ್ಕೆ ಪದಕದ ಮೇಲೆ ಸಿನಿಮಾದಲ್ಲಿ ಆ ಪಾತ್ರ ಮಾಡಿದ ನಟ ಚೆರ್ಕಾಸೋವ್ ಮುಖವನ್ನೇ ಅಚ್ಚು ಹಾಕಿದರು.

ಇಲ್ಲಿ ಗಮನಿಸಬೇಕಾದ್ದು, ಈ ಮೂರು ವರ್ಷದಲ್ಲಿ ಸಿನಿಮಾದ ಒಂದು ಫ್ರೇಮ್ ಕೂಡ ಬದಲಾಗಿರಲಿಲ್ಲ. ಹೊರಗಿನ ರಾಜಕೀಯ ಬದಲಾಗಿದ್ದಕ್ಕೆ ಅದೇ ರೀಲು ಒಮ್ಮೆ ಬೇಕಾಯ್ತು, ಒಮ್ಮೆ ಬೇಡವಾಯ್ತು, ಮತ್ತೆ ಬೇಕಾಯ್ತು. ಹಾಗಾಗಿ ಪ್ರೊಪಗಾಂಡಾ ಅನ್ನೋದು ಪರದೆಯ ಮೇಲೆ ಮಾತ್ರ ಇರೋದಲ್ಲ. ಥಿಯೇಟರಿನ ಹೊರಗೆ ಏನು ನಡೀತಿದೆ ಅನ್ನೋದೂ ಅದರ ಅರ್ಧ ಭಾಗ.

2007ರ ಮಾರ್ಚ್

ಈ ಕಣ್ಣಲ್ಲಿ ‘300’ಕ್ಕೆ ವಾಪಸ್ ಬರೋಣ. ಮಿಲ್ಲರ್ ಕಾಮಿಕ್ಸ್ ಬಂದಿದ್ದು 1998ರಲ್ಲಿ. ಆಗ ಸೆಪ್ಟೆಂಬರ್ 11ರ ದಾಳಿ ಆಗಿರಲಿಲ್ಲ, ಇರಾಕ್ ಯುದ್ಧ ಆಗಿರಲಿಲ್ಲ. ಹಾಗಾಗಿ ಇರಾನ್ ಮೇಲೆ ಯುದ್ಧಕ್ಕೆ ಜನರನ್ನ ರೆಡಿ ಮಾಡೋಕೆ ಅಮೆರಿಕ ಸರ್ಕಾರ ಈ ಸಿನಿಮಾ ಮಾಡಿಸ್ತು ಅನ್ನೋ ಮಾತು ನಿಲ್ಲೋದಿಲ್ಲ. ‘ನೆವ್‌ಸ್ಕಿ’ಯ ಹಿಂದೆ ಒಂದು ಸರ್ಕಾರ ಇತ್ತು. ‘300’ ಹಿಂದೆ ಇದ್ದದ್ದು ಲಾಭ ನೋಡೋ ಒಂದು ಸ್ಟುಡಿಯೋ. ಸುಮಾರು 6.5 ಕೋಟಿ ಡಾಲರ್ ಹಾಕಿ ಪ್ರಪಂಚದಾದ್ಯಂತ 45 ಕೋಟಿ ಡಾಲರಿಗೂ ಹೆಚ್ಚು ಬಾಚಿಕೊಂಡರು.

ಆದರೆ ರಿಲೀಸ್ ಆದ ಕಾಲ ನೋಡಿ. 2002ರಲ್ಲೇ ಅಧ್ಯಕ್ಷ ಬುಷ್ ಇರಾನನ್ನ ಇರಾಕ್, ಉತ್ತರ ಕೊರಿಯಾ ಜೊತೆ ಸೇರಿಸಿ ದುಷ್ಟಕೂಟ ಅಂತ ಕರೆದಿದ್ದರು. 2007ರ ಶುರುವಿನಲ್ಲಿ ಅಮೆರಿಕ ಎರಡನೇ ವಿಮಾನವಾಹಕ ನೌಕೆಯನ್ನ ಆ ಕಡೆ ಕಳಿಸಿತ್ತು. ಸಿನಿಮಾ ಬಂದ ತಿಂಗಳಲ್ಲೇ, ಮಾರ್ಚ್ 24ರಂದು, ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಣು ಕಾರ್ಯಕ್ರಮದ ಕಾರಣಕ್ಕೆ ಇರಾನ್ ಮೇಲೆ ಇನ್ನಷ್ಟು ನಿರ್ಬಂಧ ಹಾಕ್ತು. ಇರಾನಿಯರ ಹೊಸವರ್ಷ ನೌರೋಜ್ ಬರೋದೂ ಅದೇ ಮಾರ್ಚ್ ಮೂರನೇ ವಾರದಲ್ಲಿ. ಅಂಥ ಹೊತ್ತಲ್ಲಿ, ಪೂರ್ವದಿಂದ ಬರೋ ಕಪ್ಪು ಮೈಯ, ಮುಖವಿಲ್ಲದ ದಂಡನ್ನ ಪಶ್ಚಿಮದ ಗಂಡಸರು ಕೊಚ್ಚಿಹಾಕೋ ಸಿನಿಮಾ ಬಂತು.

ಟೆಹರಾನಿನ ಒಂದು ಪತ್ರಿಕೆ, ಹಾಲಿವುಡ್ ಇರಾನಿಯರ ಮೇಲೆ ಯುದ್ಧ ಸಾರಿದೆ ಅಂತ ಹೆಡ್‌ಲೈನ್ ಹಾಕ್ತು. ಅಧ್ಯಕ್ಷ ಅಹ್ಮದಿನೆಜಾದ್‌ರ ಕಲಾ ಸಲಹೆಗಾರರು ಇದು ಮಾನಸಿಕ ಯುದ್ಧದ ಭಾಗ ಅಂದರು. ಸ್ಟುಡಿಯೋ ಕಡೆಯಿಂದ ಬಂದ ಉತ್ತರ: ಇದು ಇತಿಹಾಸವನ್ನ ಸಡಿಲವಾಗಿ ಆಧರಿಸಿದ ಕಾಲ್ಪನಿಕ ಕಥೆ, ಯಾವ ಜನರನ್ನೂ ಅವಮಾನಿಸೋ ಉದ್ದೇಶ ಇಲ್ಲ.

ನನಗೆ ಸರ್ಕಾರದ ಸಿಟ್ಟಿಗಿಂತ ಮುಖ್ಯ ಅನ್ನಿಸೋದು ಇರಾನಿನ ಸಾಮಾನ್ಯ ಜನರ ಸಿಟ್ಟು. ಆ ಸರ್ಕಾರವನ್ನ ಕಂಡರೆ ಆಗದವರು, ದೇಶ ಬಿಟ್ಟು ಅಮೆರಿಕ, ಕೆನಡಾದಲ್ಲಿ ಬದುಕ್ತಿರೋ ಇರಾನಿಯರು ಕೂಡ ಆನ್‌ಲೈನ್ ಅರ್ಜಿಗೆ ಸಹಿ ಹಾಕಿದರು. ಒಬ್ಬ ಬ್ಲಾಗರ್ ಮಾಡಿದ ಉಪಾಯ ನಮ್ಮ ಬ್ರಾಂಚಿನವರಿಗೆ ಇಷ್ಟ ಆಗುತ್ತೆ. ‘ಗೂಗಲ್ ಬಾಂಬ್’ ಅನ್ನೋ ಟ್ರಿಕ್ ಅದು. ಸಾವಿರಾರು ಜನ ತಮ್ಮ ಪೇಜ್‌ಗಳಲ್ಲಿ ಸಿನಿಮಾದ ಹೆಸರು ಬರೆದು ಅದಕ್ಕೆ ಒಂದೇ ಲಿಂಕ್ ಕೊಟ್ಟರೆ, ಆ ಹೆಸರು ಹುಡುಕಿದಾಗ ಆ ಲಿಂಕ್ ಮೇಲಕ್ಕೆ ಬರುತ್ತೆ. ಲಿಂಕ್ ಹೋಗ್ತಿದ್ದದ್ದು ಬೈಗುಳದ ಪೇಜಿಗಲ್ಲ, ಪರ್ಷಿಯನ್ ಕಲೆ ಇರೋ ಒಂದು ಸೈಟಿಗೆ. ಸಿನಿಮಾ ಮುಖ ಅಳಿಸಿತ್ತು, ಅವರು ತಮ್ಮ ಮುಖ ತೋರಿಸಿದರು.

ಹಾಗಂತ ಇರಾನ್ ಸರ್ಕಾರವನ್ನ ಸತ್ಯಹರಿಶ್ಚಂದ್ರ ಅಂತ ನಂಬಬೇಕಾಗಿಲ್ಲ. ಝರ್ಕ್ಸಿಸ್ ನಿಜವಾಗಲೂ ಇನ್ನೊಬ್ಬರ ದೇಶ ಹಿಡಿಯೋಕೇ ಬಂದಿದ್ದ, ಅವನ ಸೈನ್ಯ ಅಥೆನ್ಸ್ ನಗರವನ್ನ ಸುಟ್ಟಿತ್ತು. ಗ್ರೀಕರು ಎದುರು ನಿಂತಿದ್ದು ನ್ಯಾಯವೇ. ಇನ್ನು ಪರ್ಷಿಯಾದ ಹಳೇ ವೈಭವವನ್ನ ಇರಾನಿನ ಆಳುವವರೂ ತಮಗೆ ಬೇಕಾದ ಹಾಗೆ ಬಳಸಿದ್ದಾರೆ. 1971ರಲ್ಲಿ ಅಲ್ಲಿನ ದೊರೆ ಶಾ, ಪರ್ಸೆಪೊಲಿಸ್‌ನಲ್ಲಿ 2500 ವರ್ಷದ ರಾಜಪರಂಪರೆ ಅಂತ ಭಾರೀ ಹಬ್ಬ ಮಾಡಿದ. ಸೈರಸ್ ರಾಜನ ಒಂದು ಮಣ್ಣಿನ ಶಾಸನವನ್ನ ಪ್ರಪಂಚದ ಮೊದಲ ಮಾನವ ಹಕ್ಕುಗಳ ದಾಖಲೆ ಅಂತ ಪ್ರಚಾರ ಮಾಡಿ, ಅದರ ನಕಲನ್ನ ವಿಶ್ವಸಂಸ್ಥೆಗೂ ಕೊಟ್ಟರು. ಆದರೆ ಆ ಕಾಲದ ಬ್ಯಾಬಿಲೋನ್ ರಾಜರು ಪಟ್ಟಕ್ಕೆ ಬಂದಾಗ ಬರೆಸ್ತಿದ್ದ ಶಾಸನಗಳ ಥರದ್ದೇ ಅದು ಅಂತ ಇತಿಹಾಸಕಾರರು ಹೇಳ್ತಾರೆ. ಒಂದು ಪ್ರೊಪಗಾಂಡಾಗೆ ಇನ್ನೊಂದು ಪ್ರೊಪಗಾಂಡಾ ಉತ್ತರ ಆಗಲ್ಲ.

ನಮ್ಮ ಕಡೆ ನೋಡಿದರೆ

“ಅದು ಹಾಲಿವುಡ್ ಸಮಸ್ಯೆ, ನಮಗೇನು?” ಅನ್ನಬಹುದು. 2019ರಲ್ಲಿ ಆಶುತೋಷ್ ಗೋವಾರಿಕರ್‌ರ ‘ಪಾನಿಪತ್’ ಬಂತು. 1761ರಲ್ಲಿ ಮರಾಠರನ್ನ ಸೋಲಿಸಿದ ಅಹ್ಮದ್ ಶಾ ಅಬ್ದಾಲಿ ಅದರಲ್ಲಿ ವಿಲನ್, ಸಂಜಯ್ ದತ್ ಮಾಡಿದ್ದು. ನಮಗೆ ಅಬ್ದಾಲಿ ದಂಡೆತ್ತಿ ಬಂದವನು. ಅಫ್ಘಾನಿಸ್ತಾನದವರಿಗೆ ಅವನು ‘ಬಾಬಾ’, ಅವರ ದೇಶ ಕಟ್ಟಿದವನು. ದೆಹಲಿಯಲ್ಲಿದ್ದ ಅಫ್ಘಾನ್ ರಾಯಭಾರ ಕಚೇರಿ ಅವನನ್ನ ಹೇಗೆ ತೋರಿಸ್ತಾರೋ ಅಂತ ಆತಂಕ ಹೇಳಿಕೊಂಡಿತು. 2007ರಲ್ಲಿ ಇರಾನ್ ನಿಂತಿದ್ದ ಜಾಗದಲ್ಲಿ ಇಲ್ಲಿ ಅಫ್ಘಾನಿಸ್ತಾನ ನಿಂತಿತ್ತು. ನಾವು ಹಾಲಿವುಡ್ ಜಾಗದಲ್ಲಿ ಇದ್ದೆವು.

ಇನ್ನೊಂದು ವಿಷಯ. ಆ ಸಿನಿಮಾದ ಹೀರೋಗಳು ಮರಾಠರು. ಬಂಗಾಳದ ಹಳೇ ಜೋಗುಳದಲ್ಲಿ ಮಕ್ಕಳನ್ನ ಹೆದರಿಸಿ ಮಲಗಿಸೋಕೆ ಬರೋ ದಂಡು ಇದೇ ಮರಾಠರದ್ದು. ಪಾನಿಪತ್ ಆಗಿ 30 ವರ್ಷಕ್ಕೆ, 1791ರಲ್ಲಿ, ನಮ್ಮ ಶೃಂಗೇರಿ ಮಠವನ್ನ ಲೂಟಿ ಮಾಡಿದವರು ಮರಾಠಾ ಸೇನೆ ಜೊತೆ ಬಂದ ಪಿಂಡಾರಿಗಳು. ಇದರಿಂದ ಮರಾಠರು ಕೆಟ್ಟವರು ಅಂತ ಆಗಲ್ಲ. ಒಂದೇ ಕುದುರೆದಂಡು ಒಂದೂರಿಗೆ ಹೀರೋ, ಇನ್ನೊಂದೂರಿಗೆ ಕಳ್ಳ ಅಂತ ಮಾತ್ರ ಆಗುತ್ತೆ.

ಕನ್ನಡದ್ದೇ ಉದಾಹರಣೆ ಬೇಕಾದರೆ 1975ರ ‘ಮಯೂರ’ ಇದೆ. ಡಾ. ರಾಜ್ ಅಭಿನಯ, ದೇವುಡು ಅವರ ಕಾದಂಬರಿ ಆಧಾರ. ಮೂಲಕಥೆ ಶಿಕಾರಿಪುರ ತಾಲೂಕಿನ ತಾಳಗುಂದದ ಶಾಸನದಲ್ಲೇ ಇದೆ. ಮಯೂರಶರ್ಮ ಓದೋಕೆ ಅಂತ ಕಂಚಿಗೆ ಹೋದ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಯ್ತು, ಅವಮಾನ ತಡೆಯಲಾರದೆ ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ. ಪಲ್ಲವರ ಕಂಚಿ ಇವತ್ತು ತಮಿಳುನಾಡಿನಲ್ಲಿದೆ. ಹಾಗಾದರೆ ‘ಮಯೂರ’ ತಮಿಳರ ವಿರುದ್ಧ ಪ್ರೊಪಗಾಂಡಾನಾ? ಯಾರಿಗೂ ಹಾಗೆ ಅನ್ನಿಸಲ್ಲ. ಯಾಕೆಂದರೆ ನಮಗೆ ತಮಿಳರು ಅಂದರೆ ಪಲ್ಲವರು ಮಾತ್ರ ಅಲ್ಲ. ಲ್ಯಾಬ್ ಪಾರ್ಟ್ನರ್ ತಮಿಳಿನವನು, ಪಕ್ಕದ ಮನೆ ಆಂಟಿ ತಮಿಳಿನವರು, ರಜನಿ ಸಿನಿಮಾಗೆ ನಾವೇ ಕ್ಯೂ ನಿಲ್ತೀವಿ. ಒಂದು ಸಿನಿಮಾದಲ್ಲಿ ಬಂದ ವಿಲನ್‌ನ ಸರಿದೂಗಿಸೋಕೆ ನಮ್ಮ ತಲೆಯಲ್ಲಿ ಇನ್ನೂ ನೂರು ಮುಖ ಇದೆ.

ಆದರೆ ಅದೇ ಸಿನಿಮಾ 2016ರ ಸೆಪ್ಟೆಂಬರಲ್ಲಿ, ಕಾವೇರಿ ಗಲಾಟೆಗೆ ಬೆಂಗಳೂರಲ್ಲಿ ತಮಿಳುನಾಡಿನ ಬಸ್ಸುಗಳಿಗೆ ಬೆಂಕಿ ಹಚ್ಚಿದ ವಾರದಲ್ಲಿ ರಿಲೀಸ್ ಆಗಿದ್ದರೆ? ಕಂಚಿಯಲ್ಲಿ ಅವಮಾನ ಆಗೋ ಸೀನ್ ಮಾತ್ರ ಕಟ್ ಮಾಡಿ ಎಲ್ಲರ ವಾಟ್ಸಾಪಿಗೂ ಬಂದಿದ್ದರೆ? ಆಗಲೂ “ಸಿನಿಮಾನ ಸಿನಿಮಾ ಥರ ನೋಡಿ” ಅಂತ ಹೇಳೋ ಧೈರ್ಯ ಯಾರಿಗಿರ್ತಿತ್ತು?

ಅಮೆರಿಕದ ಒಂದು ಸಣ್ಣ ಊರಲ್ಲಿ 2007ರಲ್ಲಿ ‘300’ ನೋಡಿದ ಹುಡುಗನಿಗೆ ಇರಾನಿನ ಎಷ್ಟು ಮುಖ ಗೊತ್ತಿತ್ತು? ಟಿವಿ ನ್ಯೂಸಲ್ಲಿ ಕಾಣೋ ಸಿಟ್ಟಿನ ಮುಖ, ಸಿನಿಮಾದ ಬೆಳ್ಳಿ ಮುಖವಾಡ, ಅಷ್ಟೇ ಇರಬೇಕು. ವ್ಯತ್ಯಾಸ ಇರೋದು ಇಲ್ಲಿ.

ಶತ್ರುವಿನ ತಾಯಿ

“ಯುದ್ಧದ ಕಥೆ ಅಂದರೆ ಹೀಗೇ ಇರುತ್ತೆ, ಶತ್ರುವಿಗೆ ಮುಖ ಕೊಟ್ಟರೆ ಮಜಾ ಎಲ್ಲಿ?” ಅನ್ನೋರಿಗೆ ಎರಡು ಹಳೇ ಉದಾಹರಣೆ ಕೊಡ್ತೀನಿ.

ಮೊದಲನೆಯದು ಇದೇ ಯುದ್ಧದ್ದು. ಈಸ್ಕಿಲಸ್ ಅನ್ನೋ ಗ್ರೀಕ್ ನಾಟಕಕಾರ ಪರ್ಷಿಯನ್ನರ ವಿರುದ್ಧ ಮ್ಯಾರಥಾನಿನಲ್ಲಿ ಸ್ವತಃ ಹೋರಾಡಿದ್ದ. ಅವನ ತಮ್ಮನೋ ಅಣ್ಣನೋ, ಒಬ್ಬ ಸೋದರ ಅಲ್ಲೇ ಸತ್ತ. ಥರ್ಮೊಪಿಲೆ ಆಗಿ ಬರೀ 8 ವರ್ಷಕ್ಕೆ, ಕ್ರಿ.ಪೂ. 472ರಲ್ಲಿ, ಅವನು ಅಥೆನ್ಸಿನಲ್ಲಿ ಒಂದು ನಾಟಕ ಆಡಿಸಿದ. ನಾಟಕ ನಡೆಯೋದು ಅಥೆನ್ಸಿನಲ್ಲಲ್ಲ, ಪರ್ಷಿಯಾದ ರಾಜಧಾನಿಯಲ್ಲಿ. ಅದರಲ್ಲಿ ಗ್ರೀಕ್ ಪಾತ್ರ ಒಂದೂ ಇಲ್ಲ. ಯುದ್ಧಕ್ಕೆ ಹೋದ ಮಗ ಝರ್ಕ್ಸಿಸ್ ಏನಾದನೋ ಅಂತ ಕಾಯೋ ತಾಯಿ, ಸೋಲಿನ ಸುದ್ದಿ ತರೋ ದೂತ, ಸತ್ತವರ ಹೆಸರು ಒಂದೊಂದಾಗಿ ಹೇಳಿ ಅಳೋ ಹಿರಿಯರು. ಗ್ರೀಕರು ಗೆದ್ದ ಹೆಮ್ಮೆ ಅದರಲ್ಲಿ ಇಲ್ಲ ಅಂತಲ್ಲ, ಇದೆ. ಆದರೆ ಊರು ಸುಟ್ಟುಹೋಗಿದ್ದ ಅಥೆನ್ಸಿನ ಜನ ತಮ್ಮ ಊರು ಸುಟ್ಟವರ ಮನೆಯ ಅಳುವನ್ನ ಕೂತು ನೋಡಿದರು, ಆ ವರ್ಷದ ಮೊದಲ ಬಹುಮಾನವನ್ನೂ ಕೊಟ್ಟರು. ಈ ನಾಟಕವನ್ನ ಬಿ.ಎಂ.ಶ್ರೀ ಅವರು ‘ಪಾರಸಿಕರು’ ಅಂತ 1935ರಲ್ಲೇ ಕನ್ನಡಕ್ಕೆ ತಂದಿದ್ದಾರೆ. ಅಂದರೆ ‘300’ ಬರೋಕೆ 70 ವರ್ಷ ಮೊದಲೇ ಈ ಯುದ್ಧದ ಇನ್ನೊಂದು ಕಡೆ ಕನ್ನಡದಲ್ಲಿ ಇತ್ತು.

ಎರಡನೆಯದು ರನ್ನನ ‘ಗದಾಯುದ್ಧ’. ಅದು ಆಸ್ಥಾನದ ಕಾವ್ಯ. ರನ್ನ ತನಗೆ ಆಶ್ರಯ ಕೊಟ್ಟ ಚಾಲುಕ್ಯ ದೊರೆ ಸತ್ಯಾಶ್ರಯನನ್ನ ಭೀಮನಿಗೆ ಹೋಲಿಸಿ ಬರೆದ. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಅದೂ ರಾಜನ ಇಮೇಜ್ ಬಿಲ್ಡಿಂಗೇ. ಆದರೆ ಓದಿದವರ ಮನಸ್ಸಲ್ಲಿ ಉಳಿಯೋದು ಭೀಮನಿಗಿಂತ ದುರ್ಯೋಧನ. ಯುದ್ಧಭೂಮಿಯಲ್ಲಿ ಹೆಣಗಳ ನಡುವೆ ಒಬ್ಬನೇ ನಡೆದುಹೋಗ್ತಾ, ದ್ರೋಣರನ್ನ, ತಮ್ಮನನ್ನ, ಮಗನನ್ನ, ಕರ್ಣನನ್ನ ಒಬ್ಬೊಬ್ಬರಾಗಿ ನೋಡಿ ದುಃಖ ಪಡೋ ದುರ್ಯೋಧನ. ಶತ್ರುವಿಗೂ ಅಭಿಮನ್ಯುವಿಗೂ ಕೈ ಮುಗಿಯೋ ದುರ್ಯೋಧನ. ರಾಜನನ್ನ ಹೊಗಳೋಕೆ ಶತ್ರುವನ್ನ ರಾಕ್ಷಸ ಮಾಡಲೇಬೇಕು ಅನ್ನೋ ನಿಯಮ ಸಾವಿರ ವರ್ಷದ ಹಿಂದಿನ ಕನ್ನಡ ಕವಿಗೆ ಇರಲಿಲ್ಲ. ಕೋಟಿಗಟ್ಟಲೆ ಬಜೆಟ್ ಇರೋರಿಗೆ ಯಾಕಿರಬೇಕು?

ಹಾಗಾದರೆ ಏನು ಮಾಡೋದು?

ಬ್ಯಾನ್ ಮಾಡೋದಂತೂ ಬೇಡ. ಬ್ಯಾನ್ ಮಾಡಿದ ಸಿನಿಮಾ ಇನ್ನೂ ಜಾಸ್ತಿ ಓಡುತ್ತೆ, ಮೇಲಾಗಿ ಬ್ಯಾನ್ ಮಾಡೋ ಅಧಿಕಾರ ಹೋಗೋದು ಪ್ರೊಪಗಾಂಡಾ ಮಾಡಿಸೋ ಸರ್ಕಾರಗಳ ಕೈಗೇ. ‘300’ ನೋಡಲೇಬೇಡಿ ಅಂತಲೂ ನಾನು ಹೇಳಲ್ಲ. ಅದರ ಸ್ಲೋಮೋಷನ್, ಬಣ್ಣ, ಒಂದೊಂದು ಫ್ರೇಮೂ ಕಾಮಿಕ್ಸ್ ಪುಟದ ಥರ ಕಟ್ಟಿರೋದು ನಿಜವಾಗಲೂ ಚೆನ್ನಾಗಿದೆ. ಚೆನ್ನಾಗಿರೋದಕ್ಕೇ ಪ್ರಶ್ನೆ ಕೇಳಬೇಕು. ಡಬ್ಬಾ ಸಿನಿಮಾ ಯಾರ ತಲೆಯಲ್ಲೂ ಉಳಿಯಲ್ಲ.

ಯಾವ ಭಾಷೆಯ ಐತಿಹಾಸಿಕ ಸಿನಿಮಾ ಆದರೂ ನಾನು ಮೂರು ಪ್ರಶ್ನೆ ಕೇಳ್ತೀನಿ. ಶತ್ರು ಕಡೆ ಹೆಸರು, ಮನೆ, ನೋವು ಇರೋ ಒಬ್ಬ ಮನುಷ್ಯನಾದರೂ ಇದ್ದಾನಾ? ನಮ್ಮ ಕಡೆಯ ಕೊಳಕಿನಲ್ಲಿ ಏನನ್ನ ಬಿಟ್ಟಿದ್ದಾರೆ? ಈ ಸಿನಿಮಾ ಈಗಲೇ ಯಾಕೆ, ಇದರಿಂದ ಇವತ್ತು ಯಾರ ಮೇಲೆ ಸಿಟ್ಟು ಬರುತ್ತೆ? ಮೂರಕ್ಕೂ ಕೆಟ್ಟ ಉತ್ತರ ಬಂದರೆ, ಯಾರು ದುಡ್ಡು ಕೊಟ್ಟರು ಅಂತ ಹುಡುಕೋ ಅಗತ್ಯವೇ ಇಲ್ಲ. ಆ ಸಿನಿಮಾ ಪ್ರೊಪಗಾಂಡಾದ ಕೆಲಸ ಮಾಡ್ತಿದೆ. ‘300’ಕ್ಕೆ ಮೂರಕ್ಕೂ ಕೆಟ್ಟ ಉತ್ತರವೇ ಬರೋದು.

ಇದು ಬರೀ ಥಿಯರಿ ಅಲ್ಲ. 2025ರ ಜೂನಲ್ಲಿ ಇರಾನ್ ಮೇಲೆ ಮೊದಲು ಇಸ್ರೇಲ್, ಆಮೇಲೆ ಅಮೆರಿಕ ಬಾಂಬ್ ಹಾಕಿದವು. ಗೌರಿಬಿದನೂರು ತಾಲೂಕಿನ ಅಲೀಪುರದಿಂದ ಓದೋಕೆ ಅಂತ ಇರಾನಿಗೆ ಹೋಗಿದ್ದ ವಿದ್ಯಾರ್ಥಿಗಳೂ ಆಗ ಅಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಭಾರತ ಸರ್ಕಾರ ‘ಆಪರೇಷನ್ ಸಿಂಧು’ ಅಂತ ಮಾಡಿ ನಮ್ಮವರನ್ನ ಕರಕೊಂಡು ಬಂತು. ನಮ್ಮ ವಯಸ್ಸಿನವರೇ ಅವರು. ಬಾಂಬ್ ಬೀಳೋ ವಿಡಿಯೋನ ಗೇಮ್ ಥರ ನೋಡಿ ಚಪ್ಪಾಳೆ ಹೊಡೆಯೋಕೆ ಆಗಬೇಕಾದರೆ ಮೊದಲು ಕೆಳಗಿರೋರ ಮುಖ ಮರೆತಿರಬೇಕು. ಆ ಮರೆವನ್ನ ಅಭ್ಯಾಸ ಮಾಡಿಸೋ ಶಕ್ತಿ ಸಿನಿಮಾಗಿದೆ.

ಕನ್ನಡಿಗರಾಗಿ ನಾವು ಪರ್ಷಿಯಾವನ್ನ ಮರೆಯೋದು ಕಷ್ಟ ಕೂಡ. ಸರ್ಕಾರ, ಜಮೀನು, ಬಂದೋಬಸ್ತು, ಗುಮಾಸ್ತ, ರುಮಾಲು, ಕೊನೆಗೆ ಯಾರಾದರೂ ಚೆನ್ನಾಗಿ ಆಡಿದರೆ ನಾವು ಕೂಗೋ ಶಹಬ್ಬಾಸ್, ಎಲ್ಲಾ ಪರ್ಷಿಯನ್ ಭಾಷೆಯಿಂದ ಬಂದ ಮಾತುಗಳು. ದಿನಾ ಬಾಯಲ್ಲಿ ಇರೋ ಜನರನ್ನ ಮುಖವಾಡ ಹಾಕಿದ ರಾಕ್ಷಸರು ಅಂತ ಒಪ್ಪಿಕೊಳ್ಳೋಕೆ ನನಗಂತೂ ಆಗಲ್ಲ.

ಈಗ ಕನ್ನಡದಲ್ಲೂ ದೊಡ್ಡ ಬಜೆಟ್ಟಿನ ಸಿನಿಮಾ ಮಾಡೋ ತಾಕತ್ತು ಬಂದಿದೆ. ನಮ್ಮ ರಾಜರ ಕಥೆಗಳನ್ನ ಖಂಡಿತ ಮಾಡಲಿ, ಮೊದಲ ದಿನ ಮೊದಲ ಶೋಗೆ ನಾನೂ ಹೋಗ್ತೀನಿ. ಕೇಳೋದು ಇಷ್ಟೇ: ಕತ್ತಿ ಎತ್ತೋ ಮೊದಲು ಎದುರುಗಡೆ ನಿಂತವನ ಮುಖ ಒಂದು ಸಲ ತೋರಿಸಿ.